ಧ್ವನಿ ಬದಲಾದ ಆಲ್ಬಮ್

ಆ ಆಲ್ಬಮ್ ಈಗಲೂ ಸಿಗುತ್ತದೆ. ಫೋನಿನಲ್ಲಿ ಹುಡುಕಿದರೆ ಮೊದಲು ಅದರ ಮುಖಪುಟ ಬರುತ್ತದೆ: ಬಿದಿರಿನ ಸಾರುವೆ ಕಟ್ಟಿದ ಒಂದು ಬಿಲ್ಡಿಂಗು, ಅದಕ್ಕೆ ಹೊದಿಸಿದ ಹಸಿರು ಬಲೆ. ಅದು ಚೆಂಬೂರಿನ ನಮ್ಮ ಬಿಲ್ಡಿಂಗು. ಫೋಟೋ ತೆಗೆದವಳು ನಾನು. ಹಾಡುಗಳ ಮಾತು ನನ್ನದು, ಹೆಚ್ಚಿನವುಗಳ ರಾಗವೂ ನನ್ನದು. ಹಾಡುತ್ತಿರುವವಳು ಮಾತ್ರ ನಾನಲ್ಲ.

ಹೀಗೇಕಾಯಿತು ಎಂದು ಬರೆಯಲು ಕೂತರೆ ಒಂದು ತೊಂದರೆ. ನಮ್ಮ ಮೊದಲ ರೆಕಾರ್ಡಿಂಗುಗಳ ಫೈಲುಗಳು ನನ್ನ ಹತ್ತಿರ ಇವೆ, ಮತ್ತು ನನ್ನ ನೆನಪು ಹೇಳುವುದನ್ನು ಅವು ಒಪ್ಪುವುದಿಲ್ಲ. ಮೊದಲ ಹಾಡು ರೆಕಾರ್ಡ್ ಮಾಡಿದ ದಿನ ಜೋರು ಮಳೆ ಬರುತ್ತಿತ್ತು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಫೈಲು ತೆಗೆದು ಕೇಳಿದರೆ ಮಳೆಯಿಲ್ಲ. ಹೊರಗೋಡೆ ಕೆರೆಯುವ ಸದ್ದಿದೆ. ಮಳೆಯನ್ನು ಎಲ್ಲಿಂದ ತಂದೆನೋ ಗೊತ್ತಿಲ್ಲ. ಇದ್ದರೆ ಚೆನ್ನ ಅನ್ನಿಸಿರಬೇಕು. ಹಾಗಾಗಿ ಮುಂದೆ ಎಲ್ಲಾದರೂ ಏನಾದರೂ ತೀರ ಚೆನ್ನಾಗಿ ಕೂತಿದೆ ಅನ್ನಿಸಿದರೆ ಅದನ್ನು ನಂಬಬೇಡಿ. ನಾನೂ ನಂಬುವುದಿಲ್ಲ.

ಬ್ಯಾಂಡಿನಲ್ಲಿ ನಾವು ಮೂವರು. ಗಿಟಾರಿನವನ ಮಾವನದು ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರ ಒಂದು ಹೋಟೆಲು, ಇಡ್ಲಿ-ದೋಸೆ-ಊಟದ್ದು. ಅವನು ಹುಟ್ಟಿ ಬೆಳೆದದ್ದು ಮುಂಬಯಿಯಲ್ಲೇ. ಮನೆಯಲ್ಲಿ ತುಳು, ಹೋಟೆಲಿನ ಗಲ್ಲಾದಲ್ಲಿ ಕೂತಾಗ ಹಿಂದಿ, ನನ್ನ ಜೊತೆ ಕನ್ನಡ. ಡ್ರಮ್ಮಿನವನು ಬಾಂದ್ರಾದವನು, ಮರಾಠಿ ಮನೆಯವನು, ಅಲ್ಲಿಯೇ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಜಾಹೀರಾತುಗಳಿಗೆ ಸದ್ದು ಜೋಡಿಸುವ ಕೆಲಸ. ಕನ್ನಡದಲ್ಲಿ ಅವನಿಗೆ ಬರುತ್ತಿದ್ದದ್ದು ‘ಊಟ ಆಯ್ತಾ’ ಮತ್ತು ಒಂದು ಬೈಗುಳ. ಎರಡನ್ನೂ ಕಲಿಸಿದವನು ಗಿಟಾರಿನವನು. ಇನ್ನು ನಾನು. ಅಪ್ಪ ಮೈಸೂರು ಕಡೆಯವರು, ರಿಫೈನರಿಯ ಕೆಲಸಕ್ಕೆಂದು ಬಂದು ಚೆಂಬೂರಿನಲ್ಲಿ ಮನೆ ಮಾಡಿದವರು. ನಾನು ಬಾಂದ್ರಾದ ಒಂದು ಆಫೀಸಿಗೆ ಹೋಗುತ್ತೇನೆ, ಈಗಲೂ.

ಅಭ್ಯಾಸ ಮಾಡುತ್ತಿದ್ದದ್ದು ಹೋಟೆಲಿನ ಮೇಲಿನ ಸಾಮಾನು ಕೋಣೆಯಲ್ಲಿ. ಸುತ್ತ ಅಕ್ಕಿ ಮೂಟೆ, ಎಣ್ಣೆ ಡಬ್ಬ. ಮೂಟೆಗಳು ಸದ್ದನ್ನು ಚೆನ್ನಾಗಿ ಹೀರುತ್ತವೆ, ಬಾಂದ್ರಾದ ಸ್ಟುಡಿಯೋಗಿಂತ ಚೆನ್ನಾಗಿ ಎಂದು ಡ್ರಮ್ಮಿನವನು ಹೇಳುತ್ತಿದ್ದ. ಮಧ್ಯಾಹ್ನದ ಊಟದ ಗಿರಾಕಿಗಳು ಮುಗಿದು ಸಂಜೆಯ ತಿಂಡಿಯವರು ಬರುವುದರೊಳಗೆ ನಮ್ಮ ಸಂಗೀತ ಮುಗಿಯಬೇಕು. ಸ್ವಲ್ಪ ಮೀರಿದರೆ ಮಾವ ಮೆಟ್ಟಿಲ ಕೆಳಗಿನಿಂದ ಕೂಗುವರು.

“ಎಂತದ್ದು ಗಲಾಟೆ ಮಾರಾಯ? ಮೇಲೆ ಹಿಟ್ಟಿನ ಗಿರಣಿ ಉಂಟಾ ಅಂತ ಗಿರಾಕಿ ಕೇಳ್ತಾರೆ.”

“ಗಿರಣಿ ಅಲ್ಲ ಮಾವ, ಬ್ಯಾಂಡು.”

“ಗಿರಣಿ ಆದ್ರೆ ಹಿಟ್ಟಾದ್ರೂ ಬರ್ತಿತ್ತು.”

ನನಗೆ ಈ ಆಲ್ಬಮ್ಮಿನಿಂದ ಏನು ಬೇಕಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಬೇಸಿಗೆ ರಜೆಗೆ ಮೈಸೂರಿಗೆ ಹೋದರೆ ಅಲ್ಲಿನ ದೊಡ್ಡಪ್ಪನ ಮಕ್ಕಳು ನನ್ನಿಂದ ಮಾತಾಡಿಸಿ ನಗುತ್ತಿದ್ದರು. “ಇನ್ನೊಂದ್ಸಲ ಹೇಳೇ, ಇನ್ನೊಂದ್ಸಲ,” ಎಂದು ಹೇಳಿ, ಕೇಳಲಿಕ್ಕೆ ಪಕ್ಕದ ಮನೆಯವರನ್ನೂ ಕರೆಯುತ್ತಿದ್ದರು. ಇಲ್ಲಿ ಮುಂಬಯಿಯಲ್ಲಿ ಕನ್ನಡ ಸಂಘದ ಮಕ್ಕಳ ಗಾಯನ ಸ್ಪರ್ಧೆಯಲ್ಲಿ ನನಗೆ ಪ್ರತಿ ಸಲ ಸಮಾಧಾನಕರ ಬಹುಮಾನ. “ಶಾರೀರ ಚೆನ್ನಾಗಿದೆ ಪುಟ್ಟಿ, ಉಚ್ಚಾರಣೆ ಕಡೆ ಗಮನ ಕೊಡು.” ಗಮನ ಕೊಟ್ಟೆ. ಕೊಟ್ಟಷ್ಟೂ ಬಾಯಿ ಬಿಗಿಯಿತು. ಕೊನೆಗೆ ಕನ್ನಡ ಮಾತಾಡುವ ಮುಂಚೆ ಒಂದು ಕ್ಷಣ ತಡೆಯುವುದು ಅಭ್ಯಾಸವಾಯಿತು, ರಸ್ತೆ ದಾಟುವ ಮುಂಚೆ ತಡೆಯುವ ಹಾಗೆ. ಹೋಟೆಲಿನ ಆ ಸಾಮಾನು ಕೋಣೆಯಲ್ಲಿ, ನಾನೇ ಬರೆದ ಸಾಲುಗಳನ್ನು ಹಾಡುವಾಗ ಮಾತ್ರ, ಆ ತಡೆ ಇರಲಿಲ್ಲ. ಮನೆಯಲ್ಲಿ ಮಾತಾಡುವ ಹಾಗೆಯೇ ಬರೆದಿದ್ದೆ, ಹಿಂದಿ ಬಂದಲ್ಲಿ ಹಿಂದಿ, ಮರಾಠಿ ಬಂದಲ್ಲಿ ಮರಾಠಿ.

ಕುರ್ಲಾದಲ್ಲಿ ಇಳಿದೆ, ನೀನು ಬರಲೇ ಇಲ್ಲ
ಚಪ್ಪಲಿ ಕಿತ್ತುಹೋಯ್ತು, ಚಲ್, ಅಳಲೇ ಇಲ್ಲ

ಇದು ದೊಡ್ಡ ಕವಿತೆಯಲ್ಲ, ಗೊತ್ತು. ಈ ಊರಿನಲ್ಲಿ ಬೆಳೆದವರ ಬಾಯಲ್ಲಿ ಕನ್ನಡ ಹೀಗೆ ಇರುತ್ತದೆ, ಅದು ಎಲ್ಲೋ ಒಂದು ಕಡೆ ನನ್ನ ಧ್ವನಿಯಲ್ಲಿ ಉಳಿಯಬೇಕು. ಬೇಕಿದ್ದದ್ದು ಅಷ್ಟೆ. ಹೆಸರು ಬೇಡವಿತ್ತು ಎಂದು ಹೇಳುವುದಿಲ್ಲ. ಅದೂ ಬೇಕಿತ್ತು. ಆದರೆ ಮೊದಲು ಧ್ವನಿ.

ರೆಕಾರ್ಡಿಂಗ್ ನಡೆದದ್ದು ಚೆಂಬೂರಿನಲ್ಲಿ, ನಮ್ಮ ಮನೆಯ ಮಲಗುವ ಕೋಣೆಯಲ್ಲಿ. ಡ್ರಮ್ಮಿನವನು ಸ್ಟುಡಿಯೋದಿಂದ ಮೈಕುಗಳನ್ನು ತಂದ. ಗೋದ್ರೇಜಿನ ಬೀರುವಿಗೆ ಹಾಸಿಗೆ ಒರಗಿಸಿ, ಕಿಟಕಿಗೆ ಅಮ್ಮನ ಹಳೆಯ ರಜಾಯಿ ಕಟ್ಟಿದೆವು. ಫ್ಯಾನ್ ಬಂದ್. ಮೇ ತಿಂಗಳ ಚೆಂಬೂರಿನಲ್ಲಿ ಫ್ಯಾನ್ ಬಂದ್ ಮಾಡಿ ಮೂರು ಜನ ಒಂದು ಕೋಣೆಯಲ್ಲಿ ಕೂತರೆ ಹೇಗಿರುತ್ತದೆ ಎಂದು ವಿವರಿಸುವುದಿಲ್ಲ. ಹೌಸಿಂಗ್ ಸೊಸೈಟಿಯ ನೀರಿನ ಪಂಪು ಶುರುವಾದರೆ ನಿಲ್ಲಿಸಬೇಕು. ಅಮ್ಮ ಕುಕ್ಕರ್ ಇಡುವಂತಿಲ್ಲ.

“ನಿಮ್ಮ ಹಾಡು ಮುಗಿಯೋವರೆಗೂ ನಾವು ಅನ್ನ ತಿನ್ನೋದು ಬೇಡ್ವೇನೇ?” ಎಂದು ಅವಳು ಬಾಗಿಲಿನ ಸಂದಿಯಿಂದ ಕೇಳಿದ್ದು ಒಂದು ಫೈಲಿನಲ್ಲಿ ಸ್ಪಷ್ಟವಾಗಿ ದಾಖಲಾಗಿದೆ. ಅದರ ಹಿಂದೆಯೇ ಡ್ರಮ್ಮಿನವನ “ಆಂಟೀ, ಊಟ ಆಯ್ತಾ?” ಕೂಡ. ಅಮ್ಮ ಕೊಟ್ಟ ಉತ್ತರ ಫೈಲಿನಲ್ಲಿಲ್ಲ. ಕೊಟ್ಟಿರಲಿಕ್ಕಿಲ್ಲ.

ಆಗ ಬಿಲ್ಡಿಂಗಿನ ರಿಪೇರಿ ನಡೆಯುತ್ತಿತ್ತು. ಸಾರುವೆಯ ಮೇಲೆ ನಿಂತು ಹಳೆಯ ಗಿಲಾವು ಕೆರೆಯುತ್ತಿದ್ದವರು ವಿಜಯಪುರದ ಕಡೆಯವರು. ಟೇಕ್ ನಡೆಯುವಷ್ಟು ಹೊತ್ತು ಸ್ವಲ್ಪ ನಿಲ್ಲಿಸಿ ಎಂದು ಕೇಳಲು ನಾನು ರಜಾಯಿ ಸರಿಸಿ ಕಿಟಕಿಯಲ್ಲಿ ತಲೆ ಹಾಕಿದೆ. ಒಬ್ಬ ನಡುವಯಸ್ಸಿನವನು ಆಗಲೇ ಕೆಲಸ ನಿಲ್ಲಿಸಿ, ಬಿದಿರಿಗೆ ಒರಗಿ ಕೇಳುತ್ತಿದ್ದ.

“ಚಲೋ ಐತ್ರಿ ಅಕ್ಕಾರ. ಯಾವ ಭಾಷಾದಾಗ ಹಾಡಾಕತ್ತೀರಿ?”

“ಕನ್ನಡ.”

ಅವನು ಪಕ್ಕದವನ ಮುಖ ನೋಡಿದ. ಪಕ್ಕದವನು ನಗು ತಡೆದುಕೊಂಡ.

“ಹೌದೇನ್ರಿ? ಇರ್ಲಿ ಬಿಡ್ರಿ. ನಮ್ದೂ ಕನ್ನಡನ ಐತಿ.”

ಗಿಟಾರಿನವನು ಇದನ್ನು ತಿಂಗಳುಗಟ್ಟಲೆ ಎಲ್ಲರಿಗೂ ಹೇಳಿ ನಗಿಸಿದ. ನಾನೂ ನಕ್ಕೆ.

ಆಲ್ಬಮ್ ಮುಗಿಯಿತು. ಮುಗಿದದ್ದನ್ನು ಒಂದು ಆ್ಯಪ್‌ಗೆ ಹಾಕಿದೆವು. ಕೇಳಿದವರು ನಮ್ಮ ನೆಂಟರು, ನನ್ನ ಆಫೀಸಿನವರು, ಮತ್ತೆ ಗಿಟಾರಿನವನ ಒತ್ತಾಯಕ್ಕೆ ಹೋಟೆಲಿನ ಕೆಲಸಗಾರರು. ಬಾಂದ್ರಾದ ಬಾರುಗಳಲ್ಲಿ ಹಾಡಲು ಅವಕಾಶ ಕೇಳಿದೆವು. ಯಾವ ಭಾಷೆ ಎಂದು ಕೇಳಿದರು, ಹೇಳಿದೆವು, ತಿಳಿಸುತ್ತೇವೆ ಎಂದರು. ಹಾಗಾಗಿ ಬಿಡುಗಡೆ ಸಮಾರಂಭ ಕನ್ನಡ ಸಂಘದಲ್ಲಿ ಆಯಿತು. ಅಪ್ಪ ಅಲ್ಲಿ ಆಜೀವ ಸದಸ್ಯರು.

ಸಂಘದಲ್ಲಿ ಹಾಡುವುದೆಂದರೆ ಮೊದಲು ಸನ್ಮಾನ ಮಾಡಿಸಿಕೊಳ್ಳುವುದು. ನೀವು ಏನನ್ನು ಮಾಡಲು ಬಂದಿದ್ದೀರೋ ಅದನ್ನು ಮಾಡುವ ಮುಂಚೆಯೇ, ಮಾಡಿದ್ದಕ್ಕಾಗಿ ನಿಮ್ಮನ್ನು ಗೌರವಿಸಿಬಿಡುತ್ತಾರೆ. ಪ್ರಾರ್ಥನೆ, ದೀಪ, ಸ್ವಾಗತ, ಅತಿಥಿಗಳ ಪರಿಚಯ, ಕನ್ನಡದ ಪ್ರಾಚೀನತೆಯ ಬಗ್ಗೆ ಮುಖ್ಯ ಅತಿಥಿಗಳ ಭಾಷಣ. ಆಮೇಲೆ ನಮ್ಮನ್ನು ಕುರ್ಚಿಯಲ್ಲಿ ಕೂರಿಸಿ ಹಾರ, ಶಾಲು, ಹಣ್ಣಿನ ಬುಟ್ಟಿ, ತಲೆಗೆ ಮೈಸೂರು ಪೇಟ. ನಾನೂ ಗಿಟಾರಿನವನೂ ಫೋಟೋ ಆದ ತಕ್ಷಣ ಪೇಟ ತೆಗೆದು ಪಕ್ಕಕ್ಕಿಟ್ಟೆವು. ನಮಗೆ ಈ ಪದ್ಧತಿ ಗೊತ್ತು. ಡ್ರಮ್ಮಿನವನಿಗೆ ಗೊತ್ತಿಲ್ಲ. ತೆಗೆದರೆ ಅವಮಾನವಾಗುತ್ತದೇನೋ ಎಂದುಕೊಂಡು ಅವನು ಪೇಟ ಇಟ್ಟುಕೊಂಡೇ ಡ್ರಮ್ಮಿನ ಹಿಂದೆ ಕೂತ. ಹೇಳೋಣವೆಂದರೆ ಅಷ್ಟರಲ್ಲಿ ಪರದೆ ಸರಿದಿತ್ತು.

ಎರಡು ಹಾಡು ಹಾಡಿದೆವು. ಎರಡನೆಯ ಹಾಡಿನ ಮಧ್ಯದಲ್ಲಿ ಪೇಟ ಜಾರಿ ಅವನ ಕಣ್ಣಿನ ಮೇಲೆ ಬಂತು. ಕಣ್ಣು ಕಾಣದೆಯೇ ಅವನು ಬಾರಿಸುತ್ತಾ ಹೋದ, ಒಂದು ಪೆಟ್ಟೂ ತಪ್ಪದೆ, ಜರಿಯ ಬಾಲ ಮುಖದ ಮೇಲೆ ಕುಣಿಯುತ್ತಾ. ಮುಂದಿನ ಸಾಲಿನ ಮಕ್ಕಳು ಎದ್ದು ನಿಂತು ಕಿರುಚಿದರು. ಯಾರೋ ಮೊಬೈಲಿನಲ್ಲಿ ತೆಗೆಯುತ್ತಿದ್ದರು. ಮೂರನೆಯ ಹಾಡಿಗೆ ಶುರು ಮಾಡುವಷ್ಟರಲ್ಲಿ ಕಾರ್ಯದರ್ಶಿಗಳು ಪಕ್ಕದಿಂದ ಬಂದು ಮೈಕು ತೆಗೆದುಕೊಂಡರು. ಊಟ ಆರುತ್ತಿದೆ, ಈಗ ವಂದನಾರ್ಪಣೆ.

ಊಟದ ಸಾಲಿನಲ್ಲಿ ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡರು. “ಒಂದು ಭಾವಗೀತೆ ಬರಲ್ವೇನಮ್ಮಾ ನಿಂಗೆ? ಎಷ್ಟು ಚೆನ್ನಾಗಿರೋ ಧ್ವನಿ, ಸುಮ್ಸುಮ್ನೆ ಹಾಳ್ಮಾಡ್ಕೋತಿದೀಯಲ್ಲೇ.”

ಅಧ್ಯಕ್ಷರು ಅನ್ನಕ್ಕೆ ಸಾರು ಹಾಕಿಸಿಕೊಳ್ಳುತ್ತಾ ಹೇಳಿದರು. “ಮುಂಬೈ ಕನ್ನಡಿಗರ ಹೆಮ್ಮೆ ಕಣಮ್ಮಾ ನೀವು. ಆದ್ರೆ ಆ ಕುರ್ಲಾ, ಚಪ್ಪಲಿ... ಸ್ಟೇಜ್ ಮೇಲೆ ಬೇಡವಾಗಿತ್ತು. ಬೇರೆ ಯಾವ್ದಾದ್ರೂ ಜಾಗ ಹಾಕ್ಬಹುದಿತ್ತಲ್ಲ? ಕಾವೇರಿ ತೀರ, ಆ ಥರ?”

“ಕಾವೇರಿ ತೀರಕ್ಕೆ ಲೋಕಲ್ ಟ್ರೇನ್ ಹೋಗಲ್ವಲ್ಲ ಅಂಕಲ್,” ಎಂದೆ. ಅಥವಾ ಹಾಗೆ ಹೇಳಬೇಕಿತ್ತು ಎಂದು ಆಮೇಲೆ ರಿಕ್ಷಾದಲ್ಲಿ ಅನ್ನಿಸಿತು. ಈಗ ಎರಡೂ ಒಂದೇ ಆಗಿದೆ.

ಪೇಟದ ವಿಡಿಯೋ ಹರಡಿತು. ಅದರಲ್ಲಿ ಕಾಣುವುದು ಡ್ರಮ್ಮಿನವನ ಪೇಟ, ಕೇಳುವುದು ನನ್ನ ಧ್ವನಿ. ಕರ್ನಾಟಕದ ಮೂಲೆಮೂಲೆಯಿಂದ ಜನ ಬರೆದರು. ಡ್ರಮ್ಮರ್ ಅಣ್ಣಂಗೆ ಜೈ. ಟ್ಯೂನ್ ತಲೇಲೇ ಕೂತ್ಬಿಟ್ಟಿದೆ. ಹಾಡೋರಿಗೆ ಕನ್ನಡ ಬರಲ್ವಾ? ಯಾವೂರ್ ಕನ್ನಡ ಗುರೂ ಇದು. ಸೇಟು ಅಂಗಡಿ ಕನ್ನಡ. ಒಬ್ಬರು ನನ್ನ ಪರವಾಗಿಯೂ ಬರೆದಿದ್ದರು: ಪಾಪ ಹೊರಗಿನವರು, ಪ್ರಯತ್ನ ಮಾಡಿದ್ದಾರೆ, ಪ್ರೋತ್ಸಾಹಿಸಿ.

ಹೊರಗಿನವರು. ನಾನು ಆ ಪದವನ್ನು ಆಫೀಸಿನಲ್ಲಿ ಮರಾಠಿಯಲ್ಲೂ ಕೇಳಿದ್ದೇನೆ.

ವಿಡಿಯೋ ನೋಡಿ ಬೆಂಗಳೂರಿನ ಒಂದು ಮ್ಯೂಸಿಕ್ ಕಂಪನಿಯವರು ಕರೆ ಮಾಡಿದರು. ಹೋಟೆಲಿನ ಮೇಲಿನ ಕೋಣೆಯಲ್ಲಿ, ಲ್ಯಾಪ್‌ಟಾಪನ್ನು ಎಣ್ಣೆ ಡಬ್ಬದ ಮೇಲಿಟ್ಟು, ಮೂವರೂ ಅದರ ಮುಂದೆ ಕೂತೆವು. ಪರದೆಯಲ್ಲಿ ಗಡ್ಡ ಬಿಟ್ಟ ಒಬ್ಬ ವ್ಯಕ್ತಿ, ತುಂಬ ವಿನಯದವರು.

“ಮೇಡಂ, ನಿಮ್ ಸಾಂಗ್ಸ್ ಸಖತ್ತಾಗಿದೆ. ಇಡೀ ಆಲ್ಬಮ್ ನಾವು ಮತ್ತೆ ರಿಲೀಸ್ ಮಾಡ್ತೀವಿ, ದೊಡ್ಡದಾಗಿ. ವಾಯ್ಸ್ ಒಂದು ಮಾತ್ರ... ಹೆಂಗ್ ಹೇಳೋದು? ನಮ್ ಆಡಿಯನ್ಸ್‌ಗೆ ಕನೆಕ್ಟ್ ಆಗಲ್ಲ. ನಮ್ಮತ್ರ ಒಬ್ಬಳು ಹುಡುಗಿ ಇದಾಳೆ, ಫೆಂಟಾಸ್ಟಿಕ್. ಲಿರಿಕ್ಸ್‌ನಲ್ಲೂ ಅಲ್ಲಿಲ್ಲಿ ಸ್ವಲ್ಪ ಕ್ಲೀನ್ ಮಾಡ್ಕೊಂಡ್ರೆ ಆಯ್ತು.”

ಯೋಚಿಸಿ ತಿಳಿಸುತ್ತೇವೆ ಎಂದೆವು. ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಕೆಳಗಿನಿಂದ ಕಾಫಿ ಬಂತು. ಬ್ಯಾಂಡಿನಲ್ಲಿ ನಮ್ಮದೊಂದು ನಿಯಮ ಇತ್ತು: ಏನೇ ಇದ್ದರೂ ಮೂವರ ಮತ, ಇಬ್ಬರು ಹೇಳಿದ್ದು ನಡೆಯಬೇಕು. ಆ ನಿಯಮ ಮಾಡಿದವಳು ನಾನೇ ಎಂದು ಗಿಟಾರಿನವನು ಹೇಳುತ್ತಾನೆ. ಇರಬಹುದು.

“ನೀನೇ ಹೇಳು ಮಾರಾಯ್ತಿ,” ಎಂದ ಅವನು. “ಹಾಡು ಬದುಕ್ಬೇಕಾ, ನಾವು ಮೂರು ಜನ ಅಕ್ಕಿ ಮೂಟೆಗೆ ಹಾಡಿಕೊಂಡು ಇರ್ಬೇಕಾ?”

“ಅದು ನನ್ನ ಹಾಡು.”

“ನಿನ್ನದೇ. ಯಾರು ಇಲ್ಲ ಹೇಳಿದ್ರು? ಬಾಯಿ ಮಾತ್ರ ಬೇರೆ.”

“ಗಿಟಾರೂ ಬೇರೆಯವರದ್ದು ಹಾಕ್ಲಾ ಅಂತ ಕೇಳಿದ್ರೆ?”

“ಕೇಳ್ಲಿಲ್ಲ ಅಲ್ವಾ,” ಎಂದ ಅವನು. ಮೆಲ್ಲಗೆ ಹೇಳಿದ, ಚುಚ್ಚಲಿಕ್ಕೆ ಅಲ್ಲ. ಅದಕ್ಕೇ ಚುಚ್ಚಿತು.

ಡ್ರಮ್ಮಿನವನು ಲೋಟದ ತಳ ನೋಡುತ್ತಾ ಕೂತಿದ್ದ. ನಾನು ಅವನ ಕಡೆ ತಿರುಗಿದೆ.

“ದೇಖ್, ಸಚ್ ಬೋಲೂಂ?” ಎಂದ. “ಮೇರೇ ಕೋ ತೋ ಫರಕ್ ಹೀ ನಹೀಂ ಸಮಝ್‌ತಾ. ತೇರಾ ಕನ್ನಡಾ, ಉನ್‌ಕಾ ಕನ್ನಡಾ, ಸಬ್ ಏಕ್ ಜೈಸಾ ಲಗ್ತಾ ಹೈ. ತೋ ಫಿರ್ ಕ್ಯಾ ಪ್ರಾಬ್ಲಮ್ ಹೈ?”

ಹೀಗೆ, ಎರಡು ಕನ್ನಡಗಳ ನಡುವೆ ವ್ಯತ್ಯಾಸವೇ ಕೇಳಿಸದವನೊಬ್ಬನ ಮತದಿಂದ, ನನ್ನ ಕನ್ನಡ ಸಾಲದು ಎಂದು ತೀರ್ಮಾನವಾಯಿತು.

ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅವಳು ಬೀನ್ಸ್ ಹೆಚ್ಚುತ್ತಿದ್ದಳು.

“ಅಂದ್ರೆ ನಿನ್ನ ಹಾಡನ್ನ ನಿನ್ನ ಕೈಯಿಂದ ಕಿತ್ಕೊಂಡ್ರು ಅನ್ನು.”

“ಕಿತ್ಕೊಂಡಿಲ್ಲಮ್ಮ. ನಾನೇ ಒಪ್ಪಿದೆ.”

“ಒಪ್ಪಿದ್ಯೋ, ಸುಮ್ನೆ ಇದ್ಯೋ?”

ಇದರ ರೆಕಾರ್ಡಿಂಗ್ ಇಲ್ಲ.

ಕಂಪನಿಯವರ ಷರತ್ತಿನಂತೆ ನಮ್ಮ ಹಳೆಯ ಆಲ್ಬಮ್ ಆ್ಯಪ್‌ನಿಂದ ಇಳಿಯಿತು. ಅದನ್ನು ಇಳಿಸಲು ಬೇಕಾದ ಪಾಸ್‌ವರ್ಡ್ ಇದ್ದದ್ದು ನನ್ನ ಹತ್ತಿರ, ಹಾಗಾಗಿ ಇಳಿಸಿದವಳೂ ನಾನೇ. ಒಂದು ಬಟನ್. ಖಂಡಿತವಾಗಿಯೂ ಅಳಿಸಬೇಕೇ ಎಂದು ಯಂತ್ರ ಕೇಳಿತು. ನನ್ನನ್ನು ಹಾಗೆ ಕೇಳಿದ್ದು ಅದೊಂದೇ.

ಕೆಲವು ವಾರಗಳ ಮೇಲೆ ಬೆಂಗಳೂರಿನಲ್ಲಿ ಹಾಡಿಸಿದ ಮೊದಲ ಹಾಡು ಬಂತು. ಗಿಟಾರಿನವನು ಫೋನಿಗೆ ಕಳಿಸಿದ್ದ, ಕೆಳಗೆ ಏನೂ ಬರೆದಿರಲಿಲ್ಲ. ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ನಿಂತು ಕೇಳಿದೆ. ಹುಡುಗಿಯ ಧ್ವನಿ ಗಾಜಿನ ಹಾಗೆ ತಿಳಿ. ಪ್ರತಿ ಅಕ್ಷರವೂ ತನ್ನ ಜಾಗದಲ್ಲಿ ಕೂತಿತ್ತು. ‘ಚಲ್’ ಹೋಗಿ ‘ಆದರೂ’ ಬಂದಿತ್ತು. ‘ಚಪ್ಪಲಿ ಕಿತ್ತುಹೋಯ್ತು, ಆದರೂ ಅಳಲೇ ಇಲ್ಲ.’ ಹಾಡು ಸತ್ತುಹೋಗಿತ್ತು. ಚಪ್ಪಲಿ ಕಿತ್ತುಹೋದ ವಿಷಯವನ್ನು ವಾರ್ತೆಯಲ್ಲಿ ಓದಿದ ಹಾಗಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ನನ್ನ ಸ್ಟೇಷನ್ ದಾಟಿಹೋದದ್ದು ಗೊತ್ತಾಗಲಿಲ್ಲ.

ಕಂಪನಿಯವರಿಗೂ ಗೊತ್ತಾಗಿತ್ತು. ಆ ವಾರವೇ ಗಿಟಾರಿನವನು ಫೋನ್ ಮಾಡಿದ.

“ಎಂತ ಗೊತ್ತುಂಟಾ? ಅವರಿಗೆ ಈಗ ಅದು ಬೇಡ ಅಂತೆ. ಮುಂಬೈ ಫೀಲ್ ಹೋಯ್ತಂತೆ. ನೀನು ಹಾಡಿದ ಹಾಗೇ ಬೇಕಂತೆ.”

“ನಾನು ಹಾಡಿದ ಹಾಗೆ ಬೇಕಾದ್ರೆ ನಾನೇ ಇದ್ದೀನಲ್ಲ.”

ಆ ಕಡೆ ಹೋಟೆಲಿನ ಪಾತ್ರೆಗಳ ಸದ್ದು.

“ಅದಲ್ಲ ಮಾರಾಯ್ತಿ. ನಿನ್ನ ಹಾಗೆ. ಆದ್ರೆ ಅವಳು.”

ಹುಡುಗಿಯನ್ನು ಮುಂಬಯಿಗೆ ಕಳಿಸುತ್ತಾರಂತೆ. ಡ್ರಮ್ಮಿನವನ ಬಾಂದ್ರಾ ಸ್ಟುಡಿಯೋದಲ್ಲಿ ಎಲ್ಲ ಹಾಡುಗಳನ್ನೂ ಹೊಸದಾಗಿ ಹಾಡಿಸುವುದು. ‘ಚಲ್’ ಮತ್ತೆ ಬರುತ್ತದೆ. ನಾನು ಬಂದು ಜೊತೆಗೆ ಕೂತು, ಎಲ್ಲಿ ಹೇಗೆ ಹೇಳಬೇಕೆಂದು ಅವಳಿಗೆ ತೋರಿಸಿಕೊಡಬೇಕು.

ಸ್ಟುಡಿಯೋದಲ್ಲಿ ಆದದ್ದನ್ನು ಹೇಳುವ ಮುಂಚೆ, ಆಲ್ಬಮ್ ಬಂದ ಮೇಲೆ ಆದದ್ದನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಕೊನೆಗೆ ಇಟ್ಟರೆ ಅದು ನೀತಿಕಥೆಯಾಗುತ್ತದೆ. ಜನ ಕೇಳಿದರು. ತುಂಬ ಜನ. ಕಾಲೇಜು ಹುಡುಗರು ಕುರ್ಲಾದ ಹಾಡಿಗೆ ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಕುಣಿದು ವಿಡಿಯೋ ಹಾಕಿದರು. ನನ್ನ ದೊಡ್ಡಪ್ಪನ ಮಗಳು ಅದನ್ನು ನನಗೇ ಕಳಿಸಿ, ನಿಮ್ಮ ಕಡೆ ಹಾಡಂತೆ ಕೇಳು ಎಂದು ಬರೆದಳು. ಬೆಂಗಳೂರಿನ ಒಂದು ಪತ್ರಿಕೆ, ಶುದ್ಧ ಕನ್ನಡದ ಹಂಗು ಹರಿದು ಮಹಾನಗರದ ಬೆರಕೆ ನುಡಿಯನ್ನು ಧೈರ್ಯವಾಗಿ ಎತ್ತಿಕೊಂಡಿದ್ದಕ್ಕಾಗಿ ಗಾಯಕಿಯನ್ನು ಹೊಗಳಿತು. ಕೇಳುವವರಿಗೆ ಈಗ ಅದು ಸೇಟು ಕನ್ನಡವಾಗಿರಲಿಲ್ಲ. ಸಂಘದವರು ಹುಡುಗಿಯನ್ನು ಕರೆಸಿ ಸನ್ಮಾನ ಮಾಡಿದರು. ಕುರ್ಲಾದ ಬಗ್ಗೆ ಅಧ್ಯಕ್ಷರು ಏನೂ ಹೇಳಲಿಲ್ಲವೆಂದು ಅಪ್ಪ ಹೇಳಿದರು. ಆಲ್ಬಮ್ಮಿನ ವಿವರಗಳಲ್ಲಿ ಸಾಹಿತ್ಯ, ಸಂಗೀತ ಎಂಬಲ್ಲಿ ಬ್ಯಾಂಡಿನ ಹೆಸರಿದೆ. ನನ್ನ ಹೆಸರು ಕೆಳಗೆ ಬೇರೆಯಾಗಿ ಬರುತ್ತದೆ: ಉಚ್ಚಾರಣೆ ಮಾರ್ಗದರ್ಶನ.

ಸ್ಟುಡಿಯೋಗೆ ಯಾಕೆ ಹೋದೆ ಎಂಬುದಕ್ಕೆ ನಾನು ಬೇರೆ ಬೇರೆಯವರಿಗೆ ಬೇರೆ ಬೇರೆ ಕಾರಣ ಹೇಳಿದ್ದೇನೆ. ಅಮ್ಮನಿಗೆ, ಹಾಡು ಹಾಳಾಗಬಾರದಲ್ಲ ಎಂದೆ. ಆಫೀಸಿನ ಗೆಳತಿಗೆ, ಆ ಹುಡುಗಿ ಹೇಗಿದ್ದಾಳೆ ನೋಡಬೇಕಿತ್ತು ಎಂದೆ. ಎರಡೂ ಸುಳ್ಳಲ್ಲ. ಆದರೆ ಬಾಂದ್ರಾ ಸ್ಟೇಷನ್ನಿನ ಮೆಟ್ಟಿಲು ಇಳಿಯುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ. ನಮ್ಮಿಬ್ಬರನ್ನೂ ಒಂದೇ ಕೋಣೆಯಲ್ಲಿ, ಒಬ್ಬರ ಹಿಂದೆ ಒಬ್ಬರನ್ನು ಕೇಳಿದರೆ, ಯಾರಿಗಾದರೂ ಗೊತ್ತಾಗಿಯೇ ಆಗುತ್ತದೆ. ಗಡ್ಡದವರಿಗೋ, ಗಿಟಾರಿನವನಿಗೋ. “ಸಾಕು, ನೀನೇ ಹಾಡು ಮಾರಾಯ್ತಿ,” ಎಂದು ಅವನು ಹೇಳುವುದು, ನಾನು ಮೊದಲು ಬೇಡವೆನ್ನುವುದು, ಎಲ್ಲವನ್ನೂ ರಿಕ್ಷಾದಲ್ಲಿ ತಯಾರು ಮಾಡಿಕೊಂಡಿದ್ದೆ. ಗಂಟಲಿಗೆ ಒಳ್ಳೆಯದೆಂದು ಬೆಳಗ್ಗೆಯಿಂದ ಬಿಸಿನೀರು ಕುಡಿದಿದ್ದೆ.

ಹುಡುಗಿ ಚಿಕ್ಕವಳು, ಮೂಗಿನಲ್ಲಿ ಸಣ್ಣ ನತ್ತು. ನನ್ನನ್ನು ನೋಡಿದ ತಕ್ಷಣ ಎದ್ದು ನಿಂತಳು.

“ಅಕ್ಕಾ, ನಿಮ್ ವಿಡಿಯೋ ಎಷ್ಟು ಸಲ ನೋಡಿದೀನಿ ಗೊತ್ತಾ. ನನಗೆ ನಿಜವಾಗ್ಲೂ ಭಯ ಆಗ್ತಿದೆ.”

ಅವಳನ್ನು ದ್ವೇಷಿಸಲು ತಯಾರಾಗಿ ಹೋಗಿದ್ದೆ. ಅವಳು ಆ ಕೆಲಸವನ್ನು ಕಷ್ಟ ಮಾಡಿದಳು.

ಸ್ಟುಡಿಯೋದಲ್ಲಿ ಎರಡು ಕೋಣೆ. ಹಾಡುವವರದು ಗಾಜಿನಾಚೆ. ಈಚೆ ನಾವು: ಡ್ರಮ್ಮಿನವನು ಯಂತ್ರದ ಮುಂದೆ, ಅವನ ಹಿಂದಿನ ಸೋಫಾದಲ್ಲಿ ಗಿಟಾರಿನವನೂ ನಾನೂ. ಬೆಂಗಳೂರಿನ ಗಡ್ಡದವರು ಲ್ಯಾಪ್‌ಟಾಪಿನ ಪರದೆಯಲ್ಲಿ. ಕೆಲಸದ ಕ್ರಮ ಇಷ್ಟು: ಚೆಂಬೂರಿನ ಮನೆಯಲ್ಲಿ ನಾನು ಹಾಡಿದ್ದನ್ನು ಹುಡುಗಿಯ ಹೆಡ್‌ಫೋನಿಗೆ ಬಿಡುವುದು. ಅವಳು ಅದನ್ನು ಕೇಳುತ್ತಾ, ಅದರ ಜೊತೆಗೇ ಹಾಡುವುದು. ಹಾಗೆ ದಾರಿ ತೋರಿಸಲಿಕ್ಕೆ ಬಳಸುವ ಧ್ವನಿಗೆ ಗೈಡ್ ಎನ್ನುತ್ತಾರೆ. ಅದು ಹಾಡುವವರ ಕಿವಿಗೆ ಮಾತ್ರ. ಹೊರಗಿನ ಸ್ಪೀಕರಿನಲ್ಲಿ ಕೇಳುವುದಿಲ್ಲ, ರೆಕಾರ್ಡ್ ಆಗುವುದೂ ಇಲ್ಲ. ಹಾಡುವವರು ದಾರಿ ಹಿಡಿದ ಮೇಲೆ ಅದನ್ನು ತೆಗೆದುಬಿಡುತ್ತಾರೆ.

ಮೊದಲು ಪರೀಕ್ಷೆಗೆಂದು ಡ್ರಮ್ಮಿನವನು ನನ್ನ ಧ್ವನಿಯನ್ನು ಸ್ಪೀಕರಿನಲ್ಲಿ ಬಿಟ್ಟ. ಕೋಣೆ ತುಂಬ ನಾನು. ಕುರ್ಲಾದಲ್ಲಿ ಇಳಿದೆ. ಇದೇ ಆ ಗಳಿಗೆ ಎಂದುಕೊಂಡೆ. ಗಿಟಾರಿನವನ ಮುಖ ನೋಡಿದೆ. ಅವನು ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಪರದೆಯಲ್ಲಿದ್ದವರು ಕೈಯೆತ್ತಿದರು.

“ಇದೇ, ಇದೇ! ಎಕ್ಸಾಕ್ಟ್ಲಿ ಇದೇ ಬೇಕು,” ಎಂದರು. ಆಮೇಲೆ, “ಪುಟ್ಟಾ, ಕೇಳಿಸ್ತಾ? ಈ ಥರ ಹಾಡು.”

ಹುಡುಗಿ ಹಾಡಿದಳು. ಮೊದಲ ಸಲ ಅನುಕರಣೆಯಾಗಿತ್ತು, ಕೇಳಲು ನಾಚಿಕೆಯಾಗುವಂಥದ್ದು. ಎರಡನೆಯ ಸಲವೂ ಹಾಗೇ. ನನ್ನ ಎದೆ ಹಗುರವಾಗುತ್ತಾ ಬಂತು. ಮೂರನೆಯದರ ಮಧ್ಯೆ ನಿಲ್ಲಿಸಿ ಗಾಜಿನಾಚೆಯಿಂದ ಕೇಳಿದಳು.

“ಅಕ್ಕಾ, ಒಂದು ಡೌಟು. ‘ಬರಲೇ ಇಲ್ಲ’ ಅಂತೀರಲ್ಲ, ಆ ‘ಲೇ’ನ ಯಾಕೆ ಅಷ್ಟು ಬೇಗ ಬಿಟ್ಬಿಡ್ತೀರಾ? ನಾನಾಗಿದ್ರೆ ಅಲ್ಲೇ ನಿಲ್ತಿದ್ದೆ. ಅಲ್ಲೇ ಅಲ್ವಾ ನೋವಿರೋದು?”

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಆಚೆ ಅವಳಿಗೆ ಕೇಳಬೇಕಾದರೆ ಬಟನ್ ಒತ್ತಿ ಮಾತಾಡಬೇಕು. ಒತ್ತಿದೆ.

“ಅಲ್ಲಿ ನಿಲ್ಲೋಕೆ ಪುರುಸೊತ್ತಿಲ್ಲ. ಪ್ಲಾಟ್‌ಫಾರ್ಮಲ್ಲಿ ಹಿಂದಿನವರು ತಳ್ತಾ ಇರ್ತಾರೆ. ನೋವು ಆಮೇಲೆ, ಮನೆಗೆ ಹೋಗಿ.”

“ಹೋ,” ಎಂದಳು. “ಹಾಗಾದ್ರೆ ‘ಚಲ್’ ಯಾರಿಗೆ ಹೇಳೋದು? ಅವನಿಗಾ?”

“ಅಲ್ಲ. ಅವಳಿಗೇ ಅವಳು.”

ಇಷ್ಟನ್ನು ನಾನು ಹೇಳಬೇಕಿರಲಿಲ್ಲ. ಹೇಳದೆ ಇರಬಹುದಿತ್ತು, ತಪ್ಪು ಹೇಳಬಹುದಿತ್ತು, ಸ್ವಲ್ಪ ಎಳೆದು ಹಾಡು ಎನ್ನಬಹುದಿತ್ತು. ಆದರೆ ಹಾಡಿನ ಬಗ್ಗೆ ಸರಿಯಾದ ಪ್ರಶ್ನೆಯನ್ನು ಕೊನೆಗೂ ಒಬ್ಬರು ಕೇಳಿದ್ದರು, ಮತ್ತು ನನ್ನ ಬಾಯಿ, ತಡೆಯದೆ, ಉತ್ತರ ಕೊಟ್ಟಿತು.

ಅವಳು ಮತ್ತೆ ಹಾಡಿದಳು. ಗೊತ್ತಾಗಿಯೇ ಆಗುತ್ತದೆ ಎಂದುಕೊಂಡಿದ್ದೆನಲ್ಲ, ಗೊತ್ತಾಯಿತು. ನನಗೆ ಗೊತ್ತಾಯಿತು. ಅವಳು ನನಗಿಂತ ಚೆನ್ನಾಗಿ ಹಾಡುತ್ತಿದ್ದಳು. ಹಿಂದಿನವರು ತಳ್ಳುತ್ತಿದ್ದರು, ಚಪ್ಪಲಿ ಕಿತ್ತುಹೋಗಿತ್ತು, ಚಲ್ ಎಂದು ತನಗೆ ತಾನೇ ಹೇಳಿಕೊಂಡು ಅವಳು ನಡೆದುಬಿಟ್ಟಳು. ಬಸವನಗುಡಿಯೋ ಜಯನಗರವೋ, ಎಲ್ಲಿಯ ಹುಡುಗಿಯೋ, ಕುರ್ಲಾವನ್ನು ಆವತ್ತಿನವರೆಗೆ ನೋಡಿರಲಿಲ್ಲ. ಮೈಸೂರಿನಲ್ಲಿ ನಕ್ಕವರು ನಕ್ಕದ್ದು ಯಾವುದಕ್ಕೋ ಅದೇ, ಅವಳ ಬಾಯಲ್ಲಿ, ಇಷ್ಟಪಟ್ಟು ಮಾಡಿದ್ದರ ಹಾಗೆ ಕೇಳುತ್ತಿತ್ತು. ನನ್ನ ಬಾಯಲ್ಲಿ ಅದು ಬೇರೆ ದಾರಿಯಿಲ್ಲದೆ ಬಂದದ್ದರ ಹಾಗೆ ಕೇಳುತ್ತಿತ್ತು. ಬೇರೆ ದಾರಿ ಇರಲಿಲ್ಲ, ನಿಜ. ಆದರೆ ಜನಕ್ಕೆ ಬೇಕಿದ್ದದ್ದು ಇಷ್ಟಪಟ್ಟು ಮಾಡಿದ್ದು.

ಸಾಲು ಮುಗಿಸಿ ಅವಳು ಹೆಡ್‌ಫೋನಿನ ಒಂದು ಕಿವಿ ಸರಿಸಿದಳು.

“ಅಕ್ಕಾ, ನನಗೆ ಬಂತು ಅನ್ಸುತ್ತೆ. ಗೈಡ್ ತೆಗೆದ್ಬಿಡ್ಬಹುದಾ? ನಿಮ್ ಧ್ವನಿ ಕೇಳ್ತಾ ಇದ್ರೆ ನಾನು ನಿಮ್ಮ ಹಿಂದೆ ಹಿಂದೆ ಬರ್ತೀನಿ.”

ಡ್ರಮ್ಮಿನವನ ಬೆರಳು ಯಂತ್ರದ ಒಂದು ಸಣ್ಣ ಹಿಡಿಕೆಯ ಮೇಲಿತ್ತು. ಅವನು ಗಿಟಾರಿನವನ ಮುಖ ನೋಡಿದ. ಗಿಟಾರಿನವನು ನನ್ನ ಮುಖ ನೋಡಿದ. ಈ ಸಲ ಮತಕ್ಕೆ ಹಾಕಲಿಲ್ಲ.

“ತೆಗಿ,” ಎಂದೆ. ನಾನು ಏನೂ ಹೇಳಲಿಲ್ಲ, ಬರೀ ತಲೆ ಆಡಿಸಿದೆ ಎನ್ನುತ್ತಾನೆ ಗಿಟಾರಿನವನು. ಅವನ ನೆನಪಿಗೆ ಹಾಗೆ ಅನುಕೂಲವೋ, ನನ್ನ ನೆನಪಿಗೆ ಹೀಗೆ ಅನುಕೂಲವೋ, ತಿಳಿಯದು. ಗಾಜಿನ ಈಚೆಯ ಕೋಣೆಯಲ್ಲಿ ನಮ್ಮ ಮಾತು ರೆಕಾರ್ಡ್ ಆಗುವುದಿಲ್ಲ.

ಡ್ರಮ್ಮಿನವನು ಹಿಡಿಕೆಯನ್ನು ಕೆಳಗೆಳೆದ. ನಾವು ಕೂತಲ್ಲಿಗೆ ಏನೂ ವ್ಯತ್ಯಾಸ ಕೇಳಿಸಲಿಲ್ಲ. ಕೇಳಿಸುವುದು ಸಾಧ್ಯವೂ ಇರಲಿಲ್ಲ, ನನ್ನ ಧ್ವನಿ ಇದ್ದದ್ದು ಅವಳ ಕಿವಿಯಲ್ಲಿ ಮಾತ್ರ. ಗೊತ್ತಾದದ್ದು ಗಾಜಿನಾಚೆ ಅವಳ ಮುಖದಲ್ಲಿ. ಒಂದು ಕ್ಷಣ ಕಣ್ಣು ತೆರೆದು, ಯಾರೋ ಎದ್ದುಹೋದ ಜಾಗವನ್ನು ನೋಡುವ ಹಾಗೆ ಪಕ್ಕಕ್ಕೆ ನೋಡಿದಳು. ಮತ್ತೆ ಕಣ್ಣು ಮುಚ್ಚಿ ಹಾಡಿದಳು, ಮೊದಲಿನಿಂದ ಕೊನೆಯವರೆಗೆ, ಒಂದೇ ಸಲ.

“ಯಹೀ ಹೈ,” ಎಂದ ಡ್ರಮ್ಮಿನವನು. “ರಖ್ ಲೇತೇ ಹೈಂ.”

ಅದನ್ನೇ ಇಟ್ಟುಕೊಂಡರು. ಆಲ್ಬಮ್ಮಿನಲ್ಲಿ ಇರುವುದು ಆ ಟೇಕ್.